ಗೆರೆಯ ಮೇಲೆ ಕೂತ ಸ್ವರ

ಇಪ್ಪತ್ತೆಂಟು ವರ್ಷ ಪ್ರಾರ್ಥನಾ ಮಂದಿರದಲ್ಲಿ ಹಾಡಿದ ಗಾರೆ ಮೇಸ್ತ್ರಿ ಒಂದು ದಿನವೂ ಸ್ವರ ಬರೆದ ಕಾಗದ ನೋಡಿದವನಲ್ಲ. ಪಕ್ಕದಲ್ಲಿ ನಿಂತ ಅಂಚೆಯಣ್ಣ ಬಾಯಿ ತೆರೆದರೆ ಸಾಕು, ಇವನ ಗಂಟಲು ತಾನಾಗಿ ದಾರಿ ಹಿಡಿಯುತ್ತಿತ್ತು. ಎಲ್ಲ ದೇವರ ದಯೆ ಎಂದುಕೊಂಡು ನೆಮ್ಮದಿಯಾಗಿದ್ದ. ಹೊಸದಾಗಿ ಬಂದ ಹಾಡಿನ ಮೇಡಂ ಆ ನೆಮ್ಮದಿಗೆ ಕಲ್ಲು ಹಾಕಿದರು. ಶನಿವಾರ ಒಬ್ಬೊಬ್ಬರೇ ಬಂದು, ಎಂದೂ ಕೇಳದ ಹಾಡನ್ನು ಕಾಗದ ನೋಡಿಯೇ ಹಾಡಬೇಕು. ಬಾರದವರಿಗೆ ಭಾನುವಾರ ಹಾಡುವವರ ಸಾಲಿನಲ್ಲಿ ಜಾಗವಿಲ್ಲ.

ಅಂದಿನಿಂದ ಪ್ರತಿ ಸಂಜೆ ಕೈಯ ಸಿಮೆಂಟು ತೊಳೆದು ಅಡುಗೆಮನೆಯ ಮೇಜಿಗೆ ಕೂರುತ್ತಿದ್ದ. ಕಲಿಸುವವಳು ಶಾಲೆಯಲ್ಲಿ ಇದನ್ನು ಕಲಿತಿದ್ದ ಮಗಳು. ಕಾಗದದ ತುಂಬ ಐದೈದು ಗೆರೆ, ಗೆರೆಗಳಿಗೆ ಮುತ್ತಿದ ಇರುವೆಗಳಂತೆ ಕಪ್ಪು ಗುಂಡುಗಳು. ಒಂದೊಂದು ಗುಂಡೂ ಒಂದು ಸ್ವರ, ಗುಂಡು ಮೇಲಿದ್ದಷ್ಟೂ ದನಿ ಏರಬೇಕು.

ಮೊದಲ ಗುಂಡು ಸರಿಯಾಗಿ ಹಾಡಿದ. ಎರಡನೆಯದಕ್ಕೆ ದನಿ ಏರಿಸಿದ. ಮೂರನೆಯದಕ್ಕೆ ಅಲ್ಲೇ ನಿಂತ.

"ಮತ್ತೆ ನಿಂತ್ಬಿಟ್ಯಲ್ಲಪ್ಪ! ಇನ್ನೂ ಹತ್ತಬೇಕು."

"ಹತ್ತಿದ್ನಲ್ಲ!"

"ಒಂದೇ ಮೆಟ್ಲು ಹತ್ತಿದ್ದು. ಮೂರೂ ಒಂದಕ್ಕಿಂತ ಒಂದು ಮೇಲಿದೆ, ಕಣ್ಣು ಕಾಣಲ್ವಾ?"

"ಕಣ್ಣಿಗೇನು ಧಾಡಿ? ದಾರ ಕಟ್ಟದೆ ಗೋಡೆ ಎಬ್ಬಿಸೋ ಕಣ್ಣು ಇದು."

"ಹೌದೌದು, ಹಿತ್ತಲ ಗೋಡೆ ನೋಡಿದ್ರೆ ಗೊತ್ತಾಗುತ್ತೆ," ಎಂದಳು ಒಲೆಯ ಬಳಿಯಿಂದ ಹೆಂಡತಿ.

ಪೆನ್ಸಿಲ್ ಎಸೆದು ಎದ್ದುಹೋದ. ಮರುದಿನ ಮತ್ತೆ ಕೂತ, ಮತ್ತೆ ಎದ್ದುಹೋದ. ಶುಕ್ರವಾರ ಮಗಳಿಗೆ ಸಾಕಾಯಿತು. "ನೀನು ಹೇಗೆ ಎಣಿಸ್ತಿದ್ದೀಯ, ಬೆರಳಿಟ್ಟು ತೋರ್ಸು," ಎಂದಳು.

"ಈ ಸಂದು ಒಂದನೇ ವರಸೆ ಇಟ್ಟಿಗೆ, ಅದರ ಮೇಲಿಂದು ಎರಡನೇದು."

"ನಡುವಿನ ಗೆರೆ?"

"ಅದು ಗಾರೆ. ಗಾರೆನ ಯಾರಾದ್ರೂ ಎಣಿಸ್ತಾರಾ? ಗಾರೆ ಮೇಲೆ ಬಿದ್ದ ಗುಂಡನ್ನ ಮೇಲಿನ ಇಟ್ಟಿಗೆಗೆ ಸೇರಿಸ್ದೆ."

ಮಗಳು ತಲೆಯ ಮೇಲೆ ಕೈ ಹೊತ್ತಳು. "ಗೆರೆಗೂ ಒಂದು ಸ್ವರ ಇದೆಯಪ್ಪ! ಗೆರೆ ಒಂದು ಮೆಟ್ಲು, ಸಂದು ಒಂದು ಮೆಟ್ಲು."

"ಮೊದಲ ದಿನವೇ ಹೇಳಬಾರದಿತ್ತಾ?"

"ಹೇಳ್ದೆ. ನೀನು ತಲೆ ಆಡಿಸ್ದೆ."

ಆಡಿಸಿದ್ದು ನಿಜ. ಮಗಳ ಮುಂದೆ ದಡ್ಡನಾಗಲು ಯಾವ ತಂದೆಗೆ ಮನಸ್ಸು ಬಂದೀತು?

ಶನಿವಾರ ಮೇಡಂ ಎದುರು ಮೊದಲ ಸಾಲನ್ನು ಗೆರೆ ಬಿಡದೆ ಹಾಡಿದ. ಎರಡನೆಯ ಸಾಲಿಗೆ ಅವಸರವಾಯಿತು. ಹಳೆಯ ಚಾಳಿ, ಕಣ್ಣು ಇಟ್ಟಿಗೆಯಿಂದ ಇಟ್ಟಿಗೆಗೆ ಹಾರಿತು.

"ಒಳ್ಳೆ ಕಂಠ ನಿಮ್ಮದು ಮೇಸ್ತ್ರಿಗಳೇ. ಮುಂದಿನ ಶನಿವಾರ ಮತ್ತೆ ಬನ್ನಿ," ಎಂದರು ಮೇಡಂ. ಬಯ್ದಿದ್ದರೆ ವಾಸಿಯಿತ್ತು.

ಭಾನುವಾರ ಕೇಳುವವರ ಬೆಂಚಿನಲ್ಲಿ ಕೂತ. ಸ್ವಾಮಿ, ನಿನ್ನನ್ನು ಹೊಗಳುವುದಕ್ಕೂ ಪರೀಕ್ಷೆಯೇ ಎಂದು ಒಳಗೇ ದೇವರೊಡನೆ ಜಗಳ ತೆಗೆದ. ಹಾಡು ಶುರುವಾಯಿತು. ತೊಡೆಯ ಮೇಲೆ ಕಾಗದ ಬಿಡಿಸಿ, ಬೆರಳಿಟ್ಟುಕೊಂಡು ಹೊರಟ. ಮೂರನೆಯ ಸಾಲಿನಲ್ಲಿ ಹಾಡುವವರೆಲ್ಲ ಇವನನ್ನು ಬಿಟ್ಟು ಎಲ್ಲಿಗೋ ಹೋಗಿಬಿಟ್ಟರು, ಬೆರಳು ನಡುದಾರಿಯಲ್ಲಿ ನಿಂತಿತು. ಅಷ್ಟರಲ್ಲಿ ರಾಗ ಬಾಯಿಗೆ ಬಂದಿತ್ತು. ಎಂದಿನಂತೆ ಕಾಗದ ಬಿಟ್ಟು ಕಣ್ಣು ಮುಚ್ಚಿ ಹಾಡಿಬಿಡಬಹುದಿತ್ತು.

ಹಲ್ಲು ಕಚ್ಚಿ ತಡೆದುಕೊಂಡ. ಎರಡನೆಯ ಚರಣಕ್ಕೆ ಎಲ್ಲರೂ ಮತ್ತೆ ಮೊದಲಿನಿಂದ ಅದೇ ಗೆರೆಗಳಿಗೆ ಮರಳಿದಾಗ, ಮೊದಲ ಗುಂಡಿನ ಮೇಲೆ ಬೆರಳನ್ನು ಒತ್ತಿ ಇಟ್ಟ.