ಬಾಟ್ಲಿ ಗುಂಪು

"ನೀ ಹೋಗಂಗಿಲ್ಲಂತಲ್ಲ, ನಿಮ್ಮವ್ವ ಹೇಳಿದ್ಲು," ಎಂದಳು ಗ್ಯಾನಮ್ಮ, ಸೂಜಿ ಚುಚ್ಚಿಸಿಕೊಳ್ಳಲು ತೋಳು ಚಾಚುತ್ತ.

ನರ ಹುಡುಕುತ್ತಿದ್ದ ಮೌನೇಶ್ವರಿಯ ಬೆರಳು ಅಲ್ಲೇ ನಿಂತಿತು. "ಎಲ್ಲಿಗೆ?" ಎಂದಳು, ಗೊತ್ತಿದ್ದೂ.

"ಅದೇ ಮಂಗಳೂರಿಗೆ. ಇವತ್ತು ಗದ್ಯಾಗ ಎಲ್ಲಾರ ಮುಂದ ಹೇಳಿದ್ಲು. ನಮಗ ಹೋದ ಜೀವ ಬಂದಂಗಾತು ನೋಡವ್ವ."

ಮೌನೇಶ್ವರಿ ಬೇಕಿದ್ದಕ್ಕಿಂತ ತುಸು ಜೋರಾಗಿಯೇ ಚುಚ್ಚಿದಳು. ಗ್ಯಾನಮ್ಮ ಮುಖ ಕಿವುಚಲಿಲ್ಲ. ನೋವಾದರೆ ಮದ್ದು ಬಲವಾಗಿದೆ ಎಂದು ಲೆಕ್ಕ ಹಾಕುವ ಹೆಂಗಸು ಅವಳು.

ಜವಳಗೇರಾದ ಮೌನೇಶ್ವರಿಯ ಮನೆಯ ಅಂಗಳದಲ್ಲಿ ಬಟ್ಟೆ ಒಣಹಾಕುವ ತಂತಿಗೆ ಸಲಾಯಿನ್ ಬಾಟ್ಲಿಗಳು ತೂಗುತ್ತಿದ್ದವು. ಕೆಳಗೆ ನಾಟಿ ಮುಗಿಸಿ ಬಂದ ಹೆಂಗಸರು, ಮೊಣಕಾಲಿನವರೆಗೆ ಒಣಗಿದ ಕೆಸರು, ಒಬ್ಬಳು ಮಂಚದ ಮೇಲೆ, ಒಬ್ಬಳು ಕಟ್ಟೆಯ ಮೇಲೆ, ಇನ್ನೊಬ್ಬಳು ಗೋಡೆಗೊರಗಿ. ಕಾಲುವೆಗೆ ನೀರು ಬಿಟ್ಟ ದಿನದಿಂದ ಸಂಜೆಯ ನೋಟ ಇದೇ. ಇಡೀ ದಿನ ಬಗ್ಗಿ ಸಸಿ ಊರಿದ ಸೊಂಟಕ್ಕೆ ಒಂದು ಬಾಟ್ಲಿ ಏರಿಸಿಕೊಂಡರೆ ನಾಳೆ ಮತ್ತೆ ಬಗ್ಗಲು ಶಕ್ತಿ ಬರುತ್ತದೆ ಎಂಬುದರಲ್ಲಿ ಆ ಓಣಿಯ ಯಾರಿಗೂ ಅನುಮಾನವಿರಲಿಲ್ಲ. ಉಪ್ಪು ಸಕ್ಕರೆ ಕಲಸಿದ ನೀರು ಕುಡಿಯಿರಿ, ಸಾಕು ಎಂದು ಮೌನೇಶ್ವರಿ ಮೊದಮೊದಲು ಹೇಳಿ ನೋಡಿದ್ದಳು. ಓದಿದ ಹುಡುಗಿಗೆ ಕೈ ನಡುಗುತ್ತದೆ, ಅದಕ್ಕೇ ನೆಪ ಹೇಳುತ್ತಾಳೆ ಎಂದು ಅವರು ಮಾತಾಡಿಕೊಂಡರು. ಆ ಮಾತನ್ನು ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಕೈ ನಡುಗುವುದಿಲ್ಲ ಎಂದು ತೋರಿಸಲು ಒಬ್ಬಳಿಗೆ ಹಾಕಿದಳು. ಮರುದಿನ ಅಂಗಳ ತುಂಬಿತ್ತು.

ಅವಳು ಲಿಂಗಸುಗೂರಿನಲ್ಲಿ ಮೂರು ವರ್ಷ ನರ್ಸಿಂಗ್ ಓದಿ ಪಾಸಾಗಿದ್ದಳು. ಮಂಗಳೂರಿನ ಒಂದು ಆಸ್ಪತ್ರೆಯವರು ಫೋನಿನಲ್ಲೇ ಮಾತಾಡಿಸಿ, ಸೋಮವಾರ ಬಂದು ಸೇರಿಕೋ ಎಂದಿದ್ದರು. ಮಂಗಳೂರು ಆ ಓಣಿಗೆ ಹೊಸ ಊರೇನಲ್ಲ; ಅರ್ಧ ಓಣಿ ಅಲ್ಲೇ ಇದೆ. ಮೌನೇಶ್ವರಿಯ ಅಣ್ಣ ವಿರೇಶ ಅಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ಪಕ್ಕದ ಮನೆಯ ಗಂಡ ಹೆಂಡತಿ ಎಳೆಕೂಸನ್ನು ಕಟ್ಟಿಕೊಂಡು ಕಾಂಕ್ರೀಟು ಹೊರಲು ಹೋಗಿದ್ದಾರೆ. ಅವರು ಹೊರಟಾಗ ಯಾರೂ ಕೂತು ಯೋಚಿಸಿರಲಿಲ್ಲ. ಬಸ್ಸು ಎಷ್ಟೊತ್ತಿಗೆ ಎಂದಷ್ಟೇ ಕೇಳಿದ್ದರು. ಮೌನೇಶ್ವರಿ ಬಿಳಿ ಬಟ್ಟೆ ಹಾಕಿಕೊಂಡು ಫ್ಯಾನಿನ ಕೆಳಗೆ ಕೆಲಸ ಮಾಡಲು ಹೋಗುತ್ತಾಳೆ ಎಂದಾಗ ಮಾತ್ರ ಎಲ್ಲರಿಗೂ ಒಮ್ಮೆಲೇ ಆ ಊರಿನ ದೂರ, ಮಳೆ, ಮೀನಿನ ವಾಸನೆ, ರಾತ್ರಿ ಪಾಳಿ ನೆನಪಾದವು. ವಿರೇಶನೂ ಫೋನಿನಲ್ಲಿ, ಬರುವುದಾದರೆ ಬಾ, ಆದರೆ ಆಸ್ಪತ್ರೆಯಲ್ಲಿ ನನ್ನ ಗುರುತು ಹೇಳಬೇಡ, ನಾವಿರುವುದು ತಗಡಿನ ಶೆಡ್ಡಿನಲ್ಲಿ ಎಂದಿದ್ದ. ಉಳಿದೆಲ್ಲರ ಮಾತಿಗಿಂತ ಇದು ಅವಳಿಗೆ ಹೆಚ್ಚು ಸಿಟ್ಟು ತರಿಸಿತ್ತು.

ನಿಜವೆಂದರೆ ಅವಳೂ ಮನಸ್ಸು ಗಟ್ಟಿ ಮಾಡಿರಲಿಲ್ಲ. ಗುರುತಿಲ್ಲದ ಊರು, ಅರ್ಥವಾಗದ ತುಳು, ದೊಡ್ಡ ವಾರ್ಡಿನಲ್ಲಿ ತಾನೊಬ್ಬಳೇ ಎಂದು ನೆನೆದರೆ ಇಲ್ಲೇ ಇದ್ದುಬಿಡೋಣ ಎನಿಸುತ್ತಿತ್ತು. ಸಿಂಧನೂರಿನಲ್ಲೇ ಯಾವುದಾದರೂ ನರ್ಸಿಂಗ್ ಹೋಮ್ ಸೇರಿದರೆ ಸಂಜೆಗೆ ಮನೆಗೆ ಬರಬಹುದಿತ್ತು. ಓಣಿಯಲ್ಲಿ 'ನಮ್ಮ ನರ್ಸವ್ವ' ಎಂದು ಕರೆದಾಗ ಸಣ್ಣಗೆ ಖುಷಿಯಾಗುವುದನ್ನೂ ಅವಳು ತನಗೆ ತಾನೇ ಒಪ್ಪಿಕೊಂಡಿದ್ದಳು. ಇವತ್ತಿನ ಸಂಜೆ ಕೂತು ಇದನ್ನೆಲ್ಲ ಅಳೆದು ತೂಗಬೇಕೆಂದಿದ್ದಳು. ಅಷ್ಟರಲ್ಲಿ ಗದ್ದೆಯಲ್ಲಿ ತೀರ್ಮಾನವಾಗಿ, ಕೆಸರುಗಾಲಲ್ಲಿ ಮನೆಗೆ ಬಂದಿತ್ತು.

ತಾಯಿ ಆದಮ್ಮ ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದಳು.

"ನಾ ಹೋಗಂಗಿಲ್ಲಂತ ನಿನಗ ಯಾರು ಹೇಳಿದ್ರು ಬೇ?"

"ಯಾರರ ಯಾಕ ಹೇಳಬೇಕು? ನಾ ಹೆತ್ತಾಕಿ."

"ಹೆತ್ತಾಕಿ ಆದ್ರ ನನ್ನ ಕೇಳು. ಗದ್ಯಾಗ ಯಾಕ ಸಾರಿಕೋಂತ ಬಂದಿ?"

ಆದಮ್ಮ ಹಿಮ್ಮಡಿಯನ್ನು ಕಲ್ಲಿಗೆ ತಿಕ್ಕುತ್ತ, ಬಹಳ ಸಮಾಧಾನದಿಂದ, ತಿಳಿಯದವರಿಗೆ ತಿಳಿಸುವಂತೆ ಹೇಳಿದಳು. ಅವಳು ನಾಟಿ ಗುಂಪಿನ ಮೇಸ್ತ್ರಿ. ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನ ರೆಡ್ಡಿಗಳು ಎಕರೆಗಿಷ್ಟು ಎಂದು ಗುತ್ತಿಗೆ ಕೊಟ್ಟರೆ ಹೆಂಗಸರನ್ನು ಕರೆದೊಯ್ದು ಗದ್ದೆ ಮುಗಿಸಿಕೊಡುವವಳು. ಹೆಂಗಸರು ಯಾವ ಮೇಸ್ತ್ರಿಯ ಹಿಂದೆ ಬೇಕಾದರೂ ಹೋಗಬಹುದು. ಮೇಲೋಣಿಯ ಶಿವಲಿಂಗಮ್ಮನೂ ಗುಂಪು ಕಟ್ಟಿದ್ದಾಳೆ. ಆಕೆ ಗದ್ದೆಗೇ ಚಹಾ ತರಿಸಿ ಕೊಡುತ್ತಾಳೆ, ಮಂಡಕ್ಕಿ ಕೊಡುತ್ತಾಳೆ. ಆದಮ್ಮ ಏನೂ ಕೊಡುವುದಿಲ್ಲ. ಆದರೂ ಹೆಂಗಸರು ಆದಮ್ಮನ ಗುಂಪಿಗೇ ಬರುತ್ತಾರೆ. ಯಾಕೆಂದರೆ ಸಂಜೆ ಮನೆಗೆ ಬಂದರೆ ಪುಕ್ಕಟೆ ಸೂಜಿ ಹಾಕುವ ನರ್ಸು ಇದ್ದಾಳೆ. ನಾಟಿ ಅರ್ಧಕ್ಕೆ ಬಂದಿರುವಾಗ ಅವಳು ಮಂಗಳೂರಿಗೆ ಹೋದರೆ ನಾಳೆಯೇ ಗುಂಪು ಒಡೆಯುತ್ತದೆ.

ಊರವರು ತಾಯಿಯ ಗುಂಪನ್ನು 'ಬಾಟ್ಲಿ ಗುಂಪು' ಎನ್ನುವುದನ್ನು ಮೌನೇಶ್ವರಿ ಕೇಳಿದ್ದಳು. ಅದು ತನ್ನ ಮೇಲಿನ ಅಕ್ಕರೆ ಎಂದುಕೊಂಡಿದ್ದಳು.

"ಅಂದ್ರ ಆಕಿ ಚಾ ಕೊಡ್ತಾಳ, ನೀ ನನ್ನ ಕೊಡ್ತೀ," ಎಂದಳು.

"ಚಾಕ್ಕಿಂತ ಚಲೋ ಇದ್ದೀ ಬಿಡು," ಎಂದು ಆದಮ್ಮ ನಕ್ಕಳು. ಮಗಳು ನಗದೆ ನಿಂತಿದ್ದನ್ನು ಕಂಡು, "ಈ ನಾಟಿ ಒಂದು ಮುಗೀಲಿ. ಆಮ್ಯಾಲ ನೋಡಾಣ," ಎಂದಳು.

ನಾಟಿ ಮುಗಿದರೆ ಕಳೆ, ಕಳೆ ಮುಗಿದರೆ ಎರಡನೇ ಬೆಳೆ. ಎಡದಂಡೆ ಕಾಲುವೆಯಲ್ಲಿ ನೀರಿರುವವರೆಗೆ ಆ ಸೀಮೆಯಲ್ಲಿ ಯಾವುದೂ ಪೂರ್ತಿ ಮುಗಿಯುವುದಿಲ್ಲ. ಮೌನೇಶ್ವರಿ ಒಳಗೆ ಹೋಗಿ ತಂದೆ ನರಸಣ್ಣನ ಮುಂದೆ ನಿಂತಳು. ಅವನು ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ಹಮಾಲಿ. ಇಡೀ ದಿನ ಚೀಲ ಹೊತ್ತು ಬಂದು ಮನೆಯಲ್ಲಿ ಬೇರೆ ಭಾರ ಹೊರಲು ಒಪ್ಪದ ಮನುಷ್ಯ. "ನಿಮ್ಮವ್ವನ ಕೇಳು," ಎಂದ.

ಮರುದಿನ ಅವಳು ಯಾರಿಗೂ ಹೇಳದೆ ಲಿಂಗಸುಗೂರಿನ ಬಸ್ಸು ಹತ್ತಿದಳು. ಹೋಗುವುದೋ ಬಿಡುವುದೋ, ಅಂಕಪಟ್ಟಿಯಂತೂ ತನ್ನ ಕೈಯಲ್ಲಿರಲಿ ಎಂದು. ನರ್ಸಿಂಗ್ ಶಾಲೆಯ ಗುಮಾಸ್ತ ಶಿವರಾಜ ಅದನ್ನು ಕೊಡುವ ಮೊದಲು ಬಹಳ ಹೊತ್ತು ಕೂರಿಸಿಕೊಂಡು ಮಾತಾಡಿದ. ಹೆಣ್ಣುಮಕ್ಕಳು ಅಷ್ಟು ದೂರ ಯಾಕೆ ಹೋಗಬೇಕು, ಅಲ್ಲಿನವರು ನಮ್ಮ ಮಾತು ಕೇಳಿದರೆ ನಗುತ್ತಾರೆ, ಇಲ್ಲೇ ತನ್ನ ಭಾವಮೈದುನನ ಔಷಧ ಅಂಗಡಿಯಲ್ಲಿ ಕೂತರೆ ನೆರಳಿನ ಕೆಲಸ ಎಂದ. ಅಂಕಪಟ್ಟಿ ಕೊಡುವಾಗಲೂ ಒಂದು ತುದಿಯನ್ನು ಹಿಡಿದೇ ಇದ್ದ. ಅವಳು ಎಳೆದುಕೊಂಡಳು. ತನ್ನ ಬಗ್ಗೆ ಅಭಿಪ್ರಾಯವಿಲ್ಲದವರು ಇಡೀ ತಾಲೂಕಿನಲ್ಲಿ ತಾನೊಬ್ಬಳೇ ಇರಬೇಕು ಎನಿಸಿತು.

ಬಸ್ಸು ಮಸ್ಕಿಯಲ್ಲಿ ನಿಂತಿದ್ದಾಗ ತಂದೆಯ ಫೋನು ಬಂತು. ಸಿಂಧನೂರಿನ ದವಾಖಾನೆಗೆ ಬಾ, ಗ್ಯಾನಮ್ಮಗೆ ಥಂಡಿ ಜ್ವರ ಬಂದು ಮೈಯೆಲ್ಲ ನಡುಗುತ್ತಿದೆ ಎಂದ. ಬೆಳಿಗ್ಗೆ ಚೆನ್ನಾಗಿದ್ದವಳಿಗೆ ಏನಾಯಿತು ಎಂದು ಕೇಳಿದಳು.

"ನಿಮ್ಮವ್ವನ ಕೇಳು," ಎಂದ.

ಆದದ್ದು ಇಷ್ಟು. ಅಂದು ಗದ್ದೆ ಮಧ್ಯಾಹ್ನಕ್ಕೇ ಮುಗಿದಿತ್ತು. ಹೆಂಗಸರು ಬಾಟ್ಲಿ ತಂದು ಅಂಗಳದಲ್ಲಿ ಕೂತರು. ನರ್ಸು ಇಲ್ಲ. ಕಾದರು. ಯಾರೋ ಒಬ್ಬಳು ಶಿವಲಿಂಗಮ್ಮನ ಚಹಾದ ಮಾತೆತ್ತಿದಳು. ಆದಮ್ಮ ಎದ್ದಳು. ಮಗಳು ದಿನಾ ಮಾಡುವುದನ್ನು ಪಕ್ಕದಲ್ಲೇ ನಿಂತು ನೋಡಿದವಳು; ಸಸಿ ಊರುವ ಬೆರಳಿಗೆ ಸೂಜಿ ಊರುವುದು ಎಷ್ಟರ ಕೆಲಸ? ಮಗಳು ಬಿಸಾಡಲೆಂದು ಡಬ್ಬಿಯಲ್ಲಿ ಹಾಕಿಟ್ಟಿದ್ದ ಸೂಜಿಗಳಲ್ಲಿ ಒಂದನ್ನು ಬಿಸಿನೀರಲ್ಲಿ ತೊಳೆದು, ಗ್ಯಾನಮ್ಮನ ತೋಳಿಗೆ ಚುಚ್ಚಿದಳು. ತೋಳು ಊದತೊಡಗಿದಾಗ ಸುತ್ತ ಕೂತವರು ಮದ್ದು ಮೈಗೆ ಹತ್ತುತ್ತಿದೆ ಎಂದು ಸಮಾಧಾನಪಟ್ಟರು. ನಡುಕ ಬಂದಾಗ ಕೌದಿ ಹೊದಿಸಿದರು. ಕೌದಿಯೊಳಗೆ ಹಲ್ಲು ಕಟಕಟ ಎನ್ನತೊಡಗಿದ ಮೇಲೆ ನರಸಣ್ಣನ ತಮ್ಮ ಗದ್ದೆಪ್ಪನ ಆಟೋ ತರಿಸಿದರು.

ಮೌನೇಶ್ವರಿ ಆಸ್ಪತ್ರೆಯ ವಾರ್ಡಿನ ಬಾಗಿಲಿಗೆ ಬಂದಾಗ ಇಮಾಮ್‌ಬೀ ಸಿಸ್ಟರ್ ಗ್ಯಾನಮ್ಮನ ಊದಿದ ತೋಳನ್ನು ಎತ್ತಿ ಹಿಡಿದು, ಇದನ್ನು ಯಾರು ಹಾಕಿದ್ದು ಎಂದು ಕೇಳುತ್ತಿದ್ದಳು. ಗುಂಪಿನ ಹೆಂಗಸರು ಗೋಡೆಗುಂಟ ನಿಂತಿದ್ದರು. ಆದಮ್ಮ ಸ್ವಲ್ಪವೂ ತಡಮಾಡಲಿಲ್ಲ.

"ನನ್ನ ಮಗಳ್ರಿ. ನರ್ಸ್ ಪಾಸಾಗ್ಯಾಳ್ರಿ."

ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆಯೂ ಇತ್ತು.

ಇಮಾಮ್‌ಬೀ ಬಾಗಿಲಿನತ್ತ ನೋಡಿ ಗುರುತು ಹಿಡಿದಳು. ತರಬೇತಿಯ ದಿನಗಳಲ್ಲಿ ಮೌನೇಶ್ವರಿಗೆ ನರ ಹುಡುಕುವುದನ್ನು ಕಲಿಸಿದವಳು ಅವಳೇ. "ನಾ ಕಲಿಸಿದ್ದು ಇದೇನಾ ನಿನಗ? ಡಾಕ್ಟರ್ ಇದನ್ನ ಬರ್ದು ಮ್ಯಾಲ ಕಳಿಸಿದ್ರ ನಿನ್ನ ರಿಜಿಸ್ಟ್ರೇಶನ್ನೇ ಹೋಗ್ತೈತಿ. ಎಲ್ಲೂ ಕೆಲಸ ಸಿಗಂಗಿಲ್ಲ, ಗೊತ್ತೈತಿಲ್ಲ?"

ಆದಮ್ಮ ಕಣ್ಣಲ್ಲೇ ಸನ್ನೆ ಮಾಡಿದಳು: ಸುಮ್ಮನಿರು, ಬೈಸಿಕೋ, ಮುಗಿಯುತ್ತದೆ. ಮೌನೇಶ್ವರಿಗೆ ಆ ಸನ್ನೆ ಚೆನ್ನಾಗಿ ಗೊತ್ತಿತ್ತು. ಕ್ಯಾಂಪಿನ ಸಾಹುಕಾರ ಗದ್ದೆಯ ಬದುವಿನ ಮೇಲೆ ನಿಂತು ಕೂಗಾಡುವಾಗ ಆದಮ್ಮ ತನ್ನ ಗುಂಪಿಗೆ ಮಾಡುವ ಸನ್ನೆ ಅದು.

"ನಾ ಮನ್ಯಾಗ ಹಾಕೀನ್ರಿ ಸಿಸ್ಟರ್, ಖರೆ. ಇವತ್ತಿಂದು ನಾ ಹಾಕಿಲ್ಲ," ಎಂದಳು. "ನಾ ಲಿಂಗಸುಗೂರಾಗಿದ್ದೆ. ಇದನ್ನ ಹಾಕಿದಾಕಿ ನಮ್ಮವ್ವ."

ಗೋಡೆಗುಂಟ ನಿಂತ ಹೆಂಗಸರಲ್ಲಿ ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ಇಮಾಮ್‌ಬೀ ಇಬ್ಬರನ್ನೂ ಒಂದು ಗಳಿಗೆ ನೋಡಿ, ಬೈಗುಳವನ್ನು ಹಂಚಿ ಕೊಟ್ಟಳು. ದೊಡ್ಡ ಪಾಲು ಆದಮ್ಮನಿಗೆ, ಚಿಕ್ಕದೇನೂ ಅಲ್ಲದ ಪಾಲು ಮಗಳಿಗೆ. ಆಮೇಲೆ ಗ್ಯಾನಮ್ಮನ ಕಡೆ ತಿರುಗಿ ತನ್ನ ಕೆಲಸಕ್ಕೆ ಹತ್ತಿದಳು.

ಹೊರಗೆ ಬೇವಿನ ಮರದ ಕೆಳಗೆ ಆದಮ್ಮ ಮೊದಲು ಕೇಳಿದ್ದು ಗ್ಯಾನಮ್ಮನ ಬಗ್ಗೆ ಅಲ್ಲ. "ನನ್ನ ಹಿಡ್ಕೊಟ್ಟಿ ಅಲ್ಲ. ಅಷ್ಟು ಮಂದಿ ಮುಂದ."

"ಮೊದ್ಲ ನೀ ನನ್ನ ಹಿಡ್ಕೊಟ್ಟಿ."

"ಲೇ, ನಿನಗ ಯಾರು ಏನಂತಾರ? ನಿನ್ನ ಹತ್ರ ಸರ್ಟಿಫಿಕೇಟ್ ಐತಿ. ನನಗಾದ್ರ ಪೊಲೀಸ್ರು ಒಯ್ತಾರ." ಆದಮ್ಮನ ದನಿಯಲ್ಲಿ ಸುಳ್ಳಿರಲಿಲ್ಲ, ಕೇಳುವವಳಿಗೆ ಅದೇ ಸಂಕಟ. "ಗದ್ದೆಪ್ಪನ ಒಂದು ಲೈಸೆನ್ಸಿನ ಮ್ಯಾಲ ಇಡೀ ಮನಿ ಆಟೋ ಹೊಡೀತೈತಿ. ಹಿಡದ್ರ ಅವನಿಗೆ ಫೋನ್ ಹಚ್ತಾರ, ಬಿಡ್ತಾರ. ಮನ್ಯಾಗ ಒಬ್ರು ಪಾಸಾದ್ರ ಆತು ಅಂತ ನಾ ತಿಳ್ಕಂಡೆ."

ಮೌನೇಶ್ವರಿ ಬೈಯಲು ಬಾಯಿ ತೆರೆದಳು. ಮೂರು ವರ್ಷ ಹಾಸ್ಟೆಲಿನ ನೀರುಸಾರು ಕುಡಿದು, ಹೆಣದ ಪಕ್ಕ ನಿಂತು, ನಿದ್ದೆಗೆಟ್ಟು ಓದಿದ್ದನ್ನು ತಾಯಿ ಒಂದು ಆಟೋದಂತೆ ಅಂಗಳದಲ್ಲಿ ನಿಲ್ಲಿಸಿಕೊಂಡಿದ್ದಳು, ಬೇಕಾದವರು ಹತ್ತಲಿ, ಬೇಕಾದವರು ಹೊಡೆಯಲಿ ಎಂದು. ಇದಕ್ಕೆ ಏನೆಂದು ಬೈಯುವುದು?

"ನಾ ನಿನ್ನ ಲೈಸೆನ್ಸ್ ಅಲ್ಲ ಬೇ," ಎಂದಷ್ಟೇ ಹೇಳಿ, ಆಟೋ ಹತ್ತದೆ ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಮಾರನೆಯ ದಿನಕ್ಕೆ ಗ್ಯಾನಮ್ಮನ ಜ್ವರ ಇಳಿಯಿತು. ಓಣಿಯ ತೀರ್ಪು ಅಷ್ಟರಲ್ಲಿ ಹೊರಬಿದ್ದಿತ್ತು. ಆದಮ್ಮ ತಿಳಿಯದೆ ಮಾಡಿದಳು, ಪಾಪ; ಮಗಳು ತಿಳಿದೂ ತಿಳಿದೂ ಹೆತ್ತವ್ವನನ್ನು ಮಂದಿಯ ಮುಂದೆ ಹಿಡಿದುಕೊಟ್ಟಳು, ಓದಿಸಿದರೆ ಹೀಗೇ ಆಗುವುದು. ನಳದ ಹತ್ತಿರ ಅವಳು ಬಂದಾಗ ಮಾತು ನಿಲ್ಲುತ್ತಿತ್ತು, ಕೊಡ ತುಂಬಿಕೊಂಡು ಹೊರಟೊಡನೆ ಶುರುವಾಗುತ್ತಿತ್ತು. ತೋಳು ಊದಿಸಿಕೊಂಡವಳು ಏನೆನ್ನುತ್ತಾಳೋ ಎಂದು ಮೌನೇಶ್ವರಿ ಆಸ್ಪತ್ರೆಗೆ ಹೋದಳು. ಹೋಗಬೇಡ ಎಂದು ಗ್ಯಾನಮ್ಮ ಕೈ ಹಿಡಿದುಕೊಂಡರೆ ಏನು ಮಾಡುವುದು ಎಂಬ ಅಳುಕು ದಾರಿಯುದ್ದಕ್ಕೂ ಇತ್ತು.

ಗ್ಯಾನಮ್ಮ ಎದ್ದು ಕೂತು ಬ್ರೆಡ್ಡು ತಿನ್ನುತ್ತಿದ್ದಳು. ಬ್ಯಾಂಡೇಜಿನ ತೋಳು ತೊಡೆಯ ಮೇಲಿತ್ತು. ಮೌನೇಶ್ವರಿಯನ್ನು ಕಂಡು ಅಕ್ಕರೆಯಿಂದ ನಕ್ಕು, ಇನ್ನೊಂದು ತೋಳಿನ ಕುಪ್ಪಸ ಸರಿಸಿದಳು.

"ಹೋಗೇ ಹೋಗ್ತೀಯಂದ್ರ ಹೋಗವ್ವ. ಆದ್ರ ಈ ಕೈ ಚಲೋ ಐತಿ ನೋಡು, ಇದಕ್ಕ ಒಂದು ನೀನೇ ಹಚ್ಚಿ ಹೋಗು. ಇಲ್ಲಿಯವರು ಹಾಕಿದ್ದು ಶಕ್ತೀನ ಬರವಲ್ದು."

ಮೌನೇಶ್ವರಿ ಆ ತೋಳನ್ನು ನೋಡಿದಳು. ಬಿಸಿಲಿಗೆ ಕಪ್ಪಾದ, ಗಟ್ಟಿಯಾದ, ನರ ಎದ್ದು ಕಾಣುವ ತೋಳು. ಕುಪ್ಪಸ ಕೆಳಗಿಳಿಸಿ, "ಉಪ್ಪು ಸಕ್ಕರಿ ನೀರು ಕುಡಿ ಅತ್ತಿ," ಎಂದು ಎದ್ದಳು. ಹೊರಗೆ ಬಂದು ತಂದೆಗೆ ಫೋನು ಮಾಡಿ, ನಾಳೆ ಮಧ್ಯಾಹ್ನದ ಬಸ್ಸು ಎಂದಳು. ನರಸಣ್ಣ ಎಂದಿನ ಮಾತು ಹೇಳಲಿಲ್ಲ. ಸ್ಟ್ಯಾಂಡಿನವರೆಗೆ ಚೀಲ ತಾನು ಹೊರುತ್ತೇನೆ ಎಂದ.

ಆ ರಾತ್ರಿ ಆದಮ್ಮ ಮಗಳ ಮುಂದೆ ತಟ್ಟೆ ಇಟ್ಟಳು. ಮಗಳು ಉಂಡು ಎದ್ದು ಚೀಲ ಕಟ್ಟಿದಳು.

ಭಾನುವಾರ ನಸುಕಿನಲ್ಲಿ ಮೌನೇಶ್ವರಿ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದಳು. ಆದಮ್ಮ ಸೀರೆ ಮೇಲೆ ಕಟ್ಟಿ, ಬುತ್ತಿ ಹಿಡಿದು, ದಿನದಂತೆ ಓಣಿಯ ತಿರುವಿನಲ್ಲಿ ನಿಂತಿದ್ದಳು. ಗುಂಪಿಗೆಂದು ಅವಳು ಹೇಳಿದ್ದ ಟಂಟಂ ಆಟೋ ಬಂದು ಹಾರನ್ ಹೊಡೆಯಿತು. ಯಾವ ಮನೆಯ ಬಾಗಿಲೂ ತೆರೆಯಲಿಲ್ಲ. ಡ್ರೈವರ್ ಮತ್ತೊಮ್ಮೆ ಹೊಡೆದ, ಆದಮ್ಮನ ಮುಖ ನೋಡಿದ, ಖಾಲಿ ಗಾಡಿಯನ್ನು ತಿರುಗಿಸಿಕೊಂಡು ಹೋದ. ಸ್ವಲ್ಪ ಹೊತ್ತಿಗೆ ಶಿವಲಿಂಗಮ್ಮನ ಟ್ರ್ಯಾಕ್ಟರ್ ಬಂತು. ಮೇಸ್ತ್ರಿಯಾದವಳು ಮುಂದೆ, ಡ್ರೈವರನ ಪಕ್ಕದ ಮಡ್‌ಗಾರ್ಡಿನ ಮೇಲೆ ಕೂರುವುದು ರೂಢಿ; ಶಿವಲಿಂಗಮ್ಮ ಅಲ್ಲೇ ಕೂತಿದ್ದಳು. ಆಗ ಬಾಗಿಲುಗಳು ಒಂದೊಂದಾಗಿ ತೆರೆದವು. ಹೆಂಗಸರು ಆದಮ್ಮನನ್ನು ಬಳಸಿಕೊಂಡು ಹೋಗಿ ಹಿಂದಿನ ಟ್ರಾಲಿ ಹತ್ತಿದರು.

ಶಿವಲಿಂಗಮ್ಮ ಮೇಲಿನಿಂದ ಏನೋ ಅಂದಳು. ಬೈದಳೋ ಕರೆದಳೋ, ಇಂಜಿನ್ನಿನ ಸದ್ದಿಗೆ ತಿಳಿಯಲಿಲ್ಲ. ಆದಮ್ಮ ಬುತ್ತಿಯನ್ನು ಯಾರ ಕೈಗೋ ಕೊಟ್ಟು, ಟ್ರಾಲಿಯ ಕಬ್ಬಿಣ ಹಿಡಿದು, ಒಂದು ಕಾಲು ಮೇಲಿಟ್ಟಳು. ಎರಡನೆಯದಕ್ಕೆ ಟ್ರಾಲಿಯಲ್ಲಿದ್ದ ಒಬ್ಬಳು ರಟ್ಟೆ ಹಿಡಿದು ಎಳೆದುಕೊಂಡಳು.

ಮೌನೇಶ್ವರಿಯ ಬಾಯಿ ತುಂಬ ನೊರೆಯಿತ್ತು. ಚರಂಡಿಗೆ ಉಗಿದು ತಲೆಯೆತ್ತುವಷ್ಟರಲ್ಲಿ ಟ್ರ್ಯಾಕ್ಟರ್ ಕಾಲುವೆಯ ಸೇತುವೆಯತ್ತ ತಿರುಗಿತ್ತು. ಟ್ರಾಲಿಯ ತುಂಬ ಟವೆಲ್ ಸುತ್ತಿದ ತಲೆಗಳು, ಎಲ್ಲವೂ ಒಂದೇ ತರಹ ಕುಲುಕುತ್ತಿದ್ದವು. ಯಾವುದು ಅವ್ವನದು ಎಂದು ಅವಳಿಗೆ ಗೊತ್ತಾಗಲಿಲ್ಲ.