ಎರಡನೇ ಏಟು

ಬೆಂಕಿ ಹಿಡಿಯುತ್ತಿದ್ದಂತೆಯೇ ಹೊಗೆ ಮತ್ತೆ ಒಲೆಯ ಬಾಗಿಲಿನಿಂದ ಹೊರಳಿಕೊಂಡು ಕೋಣೆಗೆ ಬಂತು. ಅವಳು ಕೆಮ್ಮುತ್ತಾ ಕಿಟಕಿ ತೆರೆದಳು. ಒಲೆಯ ಮುಂದೆ ಕೂತಿದ್ದ ಮಗಳು ಹಣೆ ಒತ್ತಿಕೊಂಡಳು.

"ಅಮ್ಮಾ, ತಲೆ ನೋಯ್ತಿದೆ."

"ಮತ್ತೇನಾ? ಅಂಗಳಕ್ಕೆ ಹೋಗು ಚೂಟಿ, ಗಾಳೀಲಿ ನಿಂತ್ಕೋ."

ಚಳಿ ಶುರುವಾದಾಗಿನಿಂದ ಇದೇ ಪಾಡು. ಸೌದೆ ಹಸಿಯೇನೋ ಎಂದು ಎರಡು ಸೀಳು ಒಂದಕ್ಕೊಂದು ಬಡಿದು ನೋಡಿದ್ದಳು; ಗಟ್ಟಿಯಾಗಿ, ಒಣಗಿದ ಸದ್ದೇ ಬಂದಿತ್ತು. ಬೂದಿ ತೆಗೆದಳು. ಛಾವಣಿಗೆ ಹೋಗುವ ಕೊಳವೆಯೊಳಗೆ ಹೊಗೆ ತಡೆಯುವ ತಟ್ಟೆಯನ್ನು ಪೂರ್ತಿ ತಿರುಗಿಸಿ ದಾರಿ ಬಿಟ್ಟಳು. ಕಾಗದ ಉರಿಸಿ ಕೊಳವೆಯ ಬಾಯಿಗೆ ಹಿಡಿದರೆ ಜ್ವಾಲೆ ಮೇಲಕ್ಕೆ ಹೋಗದೆ ಇವಳ ಕಡೆಗೇ ಬಾಗಿತು.

ಹೊರಗೆ ಗಾಳಿ ಎದ್ದಿತು. ಕೊಳವೆಯೊಳಗೆ ಎಲ್ಲೋ ಟಣ್ ಎಂದು ಒಂದು ಸದ್ದು.

ಕುರ್ಚಿಯಲ್ಲಿ ಕೂತು ಉಲ್ಲನ್ ಹೆಣೆಯುತ್ತಿದ್ದ ಅತ್ತೆಯ ಕೈ ನಿಂತಿತು. ಮುಖವೆತ್ತಿ ಕಾದರು. ಮತ್ತೆ ಸದ್ದಾಗಲಿಲ್ಲ.

"ಒಂದೇ ಹೊಡೀತಾನೆ," ಅಂದರು. "ಎರಡನೇದು ಹೊಡೆಯಲ್ಲ."

ಅವಳ ಗಂಡ ಚಿಮಣಿ ಗುಡಿಸಲು ಛಾವಣಿ ಹತ್ತಿದಾಗಲೆಲ್ಲ ಕೆಳಗೆ ಒಲೆಯ ಬಾಗಿಲನ್ನು ಒತ್ತಿ ಹಿಡಿಯುತ್ತಿದ್ದವರು ಅತ್ತೆಯೇ. ಕೆಲಸ ಮುಗಿದರೆ ಮೇಲಿಂದ ಎರಡು ಏಟು. ಅಲ್ಲಿಯವರೆಗೆ ಬಾಗಿಲು ತೆರೆಯುವಂತಿಲ್ಲ, ತೆರೆದರೆ ಮನೆಯೆಲ್ಲ ಮಸಿ. ಹೋದ ವರ್ಷ ಆ ಏಟು ಬರಲಿಲ್ಲ. ಅವನು ಹಿತ್ತಲ ಕಡೆಗೆ ಜಾರಿ ಬಿದ್ದು ತೀರಿಕೊಂಡಿದ್ದ. ಅಂಗಳದಲ್ಲಿ ಜನ ಸೇರಿದ ಮೇಲೂ ಅತ್ತೆ ಬಾಗಿಲು ಒತ್ತಿ ಹಿಡಿದೇ ಕೂತಿದ್ದರು. ಆ ಚಳಿಗಾಲವನ್ನು ಮೂವರೂ ನಾದಿನಿಯ ಮನೆಯಲ್ಲಿ ಕಳೆದಿದ್ದರು.

ಅವಳು ಹೊರಗೆ ಬಂದಾಗ ಬೇಲಿಯಾಚೆ ಪಕ್ಕದ ಮನೆಯ ಬಡಗಿ ಸಿಗರೇಟು ಹಚ್ಚಿ ನಿಂತಿದ್ದ.

"ಒಲೆಗೂ ನನ್ನ ಚಾಳಿ ಬಂತೇನಮ್ಮಾ? ಬಾಯಲ್ಲೇ ಹೊಗೆ ಬಿಡುತ್ತೆ!"

ಅವಳು ನಗಲಿಲ್ಲ. "ಅಣ್ಣಾ, ಆವತ್ತು ಚಿಮಣಿಗೆ ಮಳೆ ತಡೆಯೋ ಮುಚ್ಚಳ ಹಾಕಿದ್ದು ನೀವೇ ಅಲ್ವಾ? ಒಳಗೆ ನೋಡಿದ್ರಾ?"

ಅವನು ಸಿಗರೇಟನ್ನು ಕೆಳಗಿಳಿಸಿದ. "ನೋಡೋ ಧೈರ್ಯ ಬರ್ಲಿಲ್ಲ ತಾಯಿ. ಮುಚ್ಚಿದೆ, ಇಳಿದೆ."

"ಅವರ ಬ್ರಷ್ಷು?"

"ನಿಮ್ಮನೇಲಿರುತ್ತೆ ಅಂದ್ಕೊಂಡಿದ್ದೆ."

"ನಾನು ನಿಮ್ಮ ಹತ್ರ ಇದೆ ಅಂದ್ಕೊಂಡಿದ್ದೆ."

ಇಬ್ಬರೂ ಚಿಮಣಿಯ ಕಡೆ ನೋಡಿದರು.

"ನಾನೇ ಹತ್ತಲಾ?" ಬಡಗಿ ಕೇಳಿದ.

"ಆ ನೋಯೋ ಮಂಡಿ ಇಟ್ಕೊಂಡಾ? ಏಣಿ ಹಿಡ್ಕೊಳ್ಳಿ, ಸಾಕು."

ಬೆಂಕಿ ಆರಿ ಒಲೆ ತಣ್ಣಗಾಗುವವರೆಗೆ ಕಾದಳು. ಅವಳು ಹಳೆಯ ಪ್ಯಾಂಟು ತೊಟ್ಟು ಬಂದದ್ದನ್ನು ನೋಡಿ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಬೇಡ. ಒಬ್ಬನ್ನ ಮೇಲೆ ಕಳಿಸಿ ಇನ್ನೂ ಕಾಯ್ತಿದೀನಿ."

"ಈ ಹೊಗೇಲಿ ಮಲಗಿದ್ರೆ ಮಗು ಒಂದಿನ ಏಳೋದೇ ಇಲ್ಲ ಅತ್ತೆ."

ಅಂಗಳದಲ್ಲಿ ಚೂಟಿ ಕೆಮ್ಮುತ್ತಿದ್ದಳು. ಅತ್ತೆ ಅತ್ತ ನೋಡಿದರು, ಆಮೇಲೆ ಪಕ್ಕಕ್ಕೆ ಸರಿದರು.

"ಸೊಂಟಕ್ಕೆ ಹಗ್ಗ ಕಟ್ಕೋ," ಅಂದರು. "ಅವನು ಕಟ್ಕೊಂಡಿರ್ಲಿಲ್ಲ." ಒಳಗೆ ಹೋಗಿ ಒಲೆಯ ಮುಂದೆ ಕೂತು ಬಾಗಿಲಿಗೆ ಎರಡೂ ಅಂಗೈ ಒತ್ತಿದರು.

ಛಾವಣಿಯ ಮೇಲೆ ತಗಡು ತಣ್ಣಗೆ ಕೊರೆಯುತ್ತಿತ್ತು. ಅವಳು ಹಗ್ಗವನ್ನು ಚಿಮಣಿಯ ಬುಡಕ್ಕೆ ಸುತ್ತಿ ಬಿಗಿದು, ಬದಿಗಳಲ್ಲಿ ಹೊಗೆಗಂಡಿಯಿದ್ದ ಮುಚ್ಚಳ ತೆಗೆದು ಟಾರ್ಚ್ ಬಿಟ್ಟಳು. ಒಂದಾಳುದ್ದ ಕೆಳಗೆ ಬ್ರಷ್ಷು ಮಸಿಯಲ್ಲಿ ಕಚ್ಚಿಕೊಂಡಿತ್ತು, ಅದರ ಹಗ್ಗ ಬ್ರಷ್ಷಿನ ಮೇಲೆಯೇ ಸುರುಳಿಯಾಗಿ ಬಿದ್ದಿತ್ತು. ಗಾಳಿ ಬೀಸಿತು. ಬ್ರಷ್ಷಿನ ಅಡಿಗೆ ತೂಗುಬಿಟ್ಟಿದ್ದ ಕಬ್ಬಿಣದ ಗುಂಡು ಕೊಳವೆಗೆ ತಾಗಿತು.

ಟಣ್.

ಜೊತೆಗೆ ತಂದಿದ್ದ ತಂತಿಯ ಕೊಕ್ಕೆಯಿಂದ ಹಗ್ಗದ ತುದಿ ಹಿಡಿದು ಮೇಲೆಳೆದಳು. ತುದಿಯಲ್ಲಿ ಅವನ ಗಂಟು. ಎಲ್ಲದಕ್ಕೂ ಅವನು ಹಾಕುತ್ತಿದ್ದ, ಯಾರಿಗೂ ಬಿಚ್ಚಲಾಗದ ಜೋಡಿ ಗಂಟು. ಅದನ್ನು ಮುಷ್ಟಿಯಲ್ಲಿ ಹಿಡಿದು ಹೆಬ್ಬೆರಳಿನಿಂದ ಮಸಿ ಒರೆಸುತ್ತಾ ಕೂತಳು. ಕೆಳಗಿಂದ ಬಡಗಿ, "ಏನಾಯ್ತಮ್ಮಾ?" ಎಂದು ಕೂಗಿದ.

"ಏನಿಲ್ಲ. ಇಲ್ಲೇ ಇದೆ."

ಎಳೆದಳು. ಮಸಿ ಸಡಿಲಿತು. ಅವನು ನಿಲ್ಲಿಸಿದ ಜಾಗದಿಂದ ಬ್ರಷ್ಷನ್ನು ಬುಡದವರೆಗೆ ಇಳಿಸಿ, ಎಳೆದು, ಮತ್ತೆ ಇಳಿಸಿದಳು. ಕರೀ ಹೆಪ್ಪುಗಳು ಸರಸರ ಕೆಳಗುದುರಿ ಒಲೆಯೊಳಗೆ ಬಿದ್ದವು. ಕೊನೆಗೆ ಟಾರ್ಚಿನ ಬೆಳಕು ಕೊಳವೆಯ ತಳ ಮುಟ್ಟಿತು.

ಬ್ರಷ್ಷನ್ನು ಮೇಲೆಳೆದುಕೊಂಡು, ಗುಂಡು ಹಿಡಿದು ಕೊಳವೆಗೆ ಒಮ್ಮೆ ಹೊಡೆದಳು. ಕೈ ತಡೆಯಿತು.

ಇನ್ನೊಮ್ಮೆ ಹೊಡೆದಳು.

ಬಹಳ ಹೊತ್ತಿನ ಮೇಲೆ ಒಲೆಯ ಬಾಗಿಲು ಕಿರುಗುಟ್ಟಿತು. ಆಮೇಲೆ ಕೊಳವೆಯುದ್ದಕ್ಕೂ ಅತ್ತೆಯ ದನಿ ಏರಿ ಬಂತು, ಹತ್ತಿರದಲ್ಲೇ ಕೂತು ಮಾತಾಡಿದ ಹಾಗೆ.

"ಆಯ್ತೇನಪ್ಪಾ? ಸರಿ. ಮೆಲ್ಲಗೆ ಇಳಿ, ಆತುರ ಬೇಡ."

ಅವಳು ಕೊಳವೆಯ ಬಾಯಿಗೆ ಬಗ್ಗಿದಳು. ಮಸಿ ತುಂಬಿದ ಗಂಟಲಿನಿಂದ, "ಹೂಂ," ಅಂದಳು.

ಕೈಯಿಂದ ಇಳಿಬಿದ್ದ ಗುಂಡು ಗಾಳಿಗೆ ತೂಗುತ್ತಿತ್ತು. ಅದು ತಗಡಿಗೆ ತಾಗದಂತೆ ಅವಳು ಅಂಗೈಯಲ್ಲಿ ಹಿಡಿದುಕೊಂಡಳು.