ಪೆಡಲಿನ ಮೇಲಿನ ಕಾಲು

"ಒತ್ತು ಮಗಾ."

ಅಂಬಾಸಿಡರಿನ ಹಿಂಬದಿ ಚಕ್ರದ ಪಕ್ಕ ಗೋಣಿಚೀಲ ಹಾಸಿಕೊಂಡು ಮಲಗಿದ್ದ ಬೋರಲಿಂಗಯ್ಯ ಕೂಗಿದರು. ಡ್ರೈವರ್ ಸೀಟಿನಲ್ಲಿದ್ದ ಮಗಳು ನವ್ಯಶ್ರೀ ಬ್ರೇಕ್ ಪೆಡಲನ್ನು ಮೂರು ಸಲ ತುಳಿದು, ಒತ್ತಿ ಹಿಡಿದಳು. ಬೋರಲಿಂಗಯ್ಯ ಸ್ಪ್ಯಾನರಿನಿಂದ ಬ್ರೇಕಿನ ಗಾಳಿ ಬಿಡುವ ನಿಪ್ಪಲ್ಲನ್ನು ಕೊಂಚ ಸಡಿಲಿಸಿದರು. ತೆಳು ಪೈಪಿನೊಳಗೆ ಎಣ್ಣೆಯ ಜೊತೆ ಗುಳ್ಳೆಗಳು ಹರಿದು ಬಾಟಲಿಗಿಳಿದವು.

"ಮುಚ್ಚಿದೆ. ಈಗ ಬುಡು."

ಹತ್ತು ಹೆಜ್ಜೆ ಆಚೆ, ಜಗಲಿಯ ಮೇಲೆ, ಅವರ ಹೆಂಡತಿ ಚಿಕ್ಕಲಕ್ಷ್ಮಮ್ಮನನ್ನು ಗೋಡೆಗೊರಗಿಸಿ ಕೂರಿಸಿದ್ದರು. ಹಣೆಗೆ ಅಗಲ ಕುಂಕುಮ, ಕೊರಳಿಗೆ ಸೇವಂತಿಗೆ ಹಾರ.

ಚಟ್ಟ ಕಟ್ಟಿಸುತ್ತಿದ್ದ ಊರ ಹಿರಿಯ ಪುಟ್ಟಲಿಂಗಯ್ಯನಿಗೆ ತಡೆಯಲಾಗಲಿಲ್ಲ. "ಏನ್ಲಾ ಬೋರ, ಹೆಣ ಮುಂದಿಟ್ಕಂಡು ಗಾಡಿ ರಿಪೇರಿಯೇನ್ಲಾ? ಅಕ್ಕೂರಿನ ಜನ ಏನಂದ್ಕಂಡಾರು?"

"ಅಂದ್ಕಳ್ಳಿ ಪುಟ್ಟಣ್ಣ. ಅವಳಕ್ಕ ಸೋಲೂರಿಂದ ಬಂದವ್ಳೆ. ಮಣ್ಣು ಮಾಡೋ ಹೊಲದ ಗಂಟ ನಡೆಯಕ್ಕಾಗಾಕಿಲ್ಲ. ಈ ಕಾರಲ್ಲೇ ಕರ್ಕೊಂಡೋಗ್ತೀನಿ."

"ನನ್ ಕಾರೈತಲ್ಲ ಬೋರಣ್ಣ," ಎಂದ ಖಲಂದರ್. ಚನ್ನಪಟ್ಟಣದಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಅವನು ಹಳೆಯ ಗೆಳೆಯ. ಮಗಳು ನಿಖಾತ್‌ಳನ್ನೂ ಕರೆದುಕೊಂಡು ಬಂದಿದ್ದ.

"ಇರ್ಲಿ ಕಣಪ್ಪ. ನೆನ್ನೆ ಸಂಜೆ ಬ್ರೇಕಿನ ವೀಲ್ ಸಿಲಿಂಡರ್ ಬದಲಾಯಿಸ್ದೆ. ಪೈಪಲ್ಲಿರೋ ಗಾಳಿ ಬೆಳಿಗ್ಗೆ ತೆಗೆಯುಮ, ನಾನು ಪೆಡಲ್ ಒತ್ತಿಕೊಡ್ತೀನಿ ಅಂದಿದ್ಲು. ಬೆಳಿಗ್ಗೆ ಏಳ್ನೇ ಇಲ್ಲ." ಅವರು ಸ್ಪ್ಯಾನರನ್ನು ಗೋಣಿಚೀಲಕ್ಕೆ ಒರೆಸಿದರು. "ಅವಳು ಒಪ್ಕಂಡಿದ್ದ ಕೆಲ್ಸ ಅರ್ಧಕ್ಕೆ ನಿಲ್ಲಬಾರ್ದು."

ಖಲಂದರ್ ಪುಟ್ಟಲಿಂಗಯ್ಯನ ಕಡೆ ತಿರುಗಿದ. "ಬೋರಣ್ಣನ ಬ್ರೇಕಿನ ವಿಷ್ಯಕ್ಕೆ ಮಾತ್ರ ಏನೂ ಅನ್ನಬೇಡಿ ಯಜಮಾನ್ರೆ. ನಮ್ ನಿಖಾತ್ ಮದುವೆ ದಿನ ಬ್ರೇಕಿನ ಹೋಸ್ ಹೋಗಿರೋದು ಇವರು ಕಂಡುಹಿಡೀದಿದ್ರೆ ನಾವ್ಯಾರೂ ಇರ್ತಿರಲಿಲ್ಲ."

ಬೋರಲಿಂಗಯ್ಯ ಎಷ್ಟೋ ಸಲ ಕೇಳಿದ್ದ ಮಾತು. ಪ್ರತಿ ಸಲವೂ ಮೀಸೆಯಡಿ ನಕ್ಕು ಸುಮ್ಮನಾಗಿದ್ದರು. ಇವತ್ತು ಅವರ ಕೈಯ ಸ್ಪ್ಯಾನರ್ ನಿಂತಿತು.

*

ಇಪ್ಪತ್ತು ವರ್ಷದ ಹಿಂದೆ, ಇದೇ ಅಂಗಳ. ಮದುಮಗಳು ನಿಖಾತ್‌ಳನ್ನು ಕನಕಪುರಕ್ಕೆ ಕರೆದೊಯ್ಯಲು ಇದೇ ಕಾರು. ಹೊತ್ತಾಯಿತೆಂದು ಖಲಂದರ್ ಬೀದಿಯಲ್ಲಿ ಸ್ಕೂಟರಿನ ಹಾರ್ನ್ ಒತ್ತುತ್ತಿದ್ದ.

"ಗುಳ್ಳೆ ನಿಂತೋಯ್ತು, ಇಳಿ," ಎಂದರು ಬೋರಲಿಂಗಯ್ಯ.

ಚಿಕ್ಕಲಕ್ಷ್ಮಮ್ಮ ಇಳಿಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಿನಿಂದ ಮತ್ತೊಮ್ಮೆ ಪೆಡಲ್ ತುಳಿದಳು. "ಇನ್ನೂ ಮೆತ್ತಗೈತೆ. ಎಲ್ಲೋ ಉಸಿರಾಡ್ತಾ ಐತೆ."

"ನಿಂಗೇನ್ ಗೊತ್ತು? ನಾನಿಲ್ಲಿ ಕಣ್ಣಾರೆ ನೋಡ್ತಿವ್ನಿ!"

"ನೀನು ಕಣ್ಣಲ್ಲಿ ನೋಡ್ತಿದ್ದೀಯ, ನಾನು ಕಾಲಲ್ಲಿ ನೋಡ್ತಿವ್ನಿ. ಮುಂದಿನ ಚಕ್ರ ಬಿಚ್ಚು. ಬಿಚ್ಚೋಗಂಟ ನಾನಿಳಿಯಾಕಿಲ್ಲ."

ಕಾರ್ ಕೀ ಅವಳ ಮುಷ್ಟಿಯಲ್ಲಿತ್ತು. ಬೈಯುತ್ತಲೇ ಅವರು ಮುಂದಿನ ಚಕ್ರ ಬಿಚ್ಚಿದರು. ಅವಳು ತುಳಿದಾಗಲೆಲ್ಲ ಒಳಗಿನ ರಬ್ಬರ್ ಹೋಸ್ ಕಪ್ಪೆಯ ಗಂಟಲಿನಂತೆ ಉಬ್ಬುತ್ತಿತ್ತು. ಉಬ್ಬಿದ ಕಡೆ ಬಿರುಕು. ಇಳಿಜಾರಿನಲ್ಲಿ ಒಮ್ಮೆ ಜೋರಾಗಿ ಬ್ರೇಕ್ ಒತ್ತಿದ್ದರೆ ಒಡೆದೇ ಹೋಗುತ್ತಿತ್ತು.

ಬೀದಿಗೆ ಹೋಗಿ ಖಲಂದರನ ಮುಂದೆ ಆ ಹೋಸನ್ನು ಹಿಡಿದು, "ನೋಡಪ್ಪ, ಏನ್ ಕಂಡುಹಿಡ್ದೆ," ಎಂದವರು ಬೋರಲಿಂಗಯ್ಯ. ಅಷ್ಟು ಹೊತ್ತಿಗೆ ಚಿಕ್ಕಲಕ್ಷ್ಮಮ್ಮ ಕುರಿಗಳಿಗೆ ನೀರಿಡಲು ಹೋಗಿದ್ದಳು. ಅವಳು ಎಂದೂ ಆ ಮಾತು ಎತ್ತಲಿಲ್ಲ.

*

ಬೋರಲಿಂಗಯ್ಯ ಎದ್ದು ಕೂತರು.

"ನಾನಲ್ಲ ಕಣ್ ಖಲಂದರ್. ಅವಳು. ಆವತ್ತು ಸರಿಯಾಯ್ತು ಅಂತ ನಾನು ಹೊಂಟೇಬುಟ್ಟಿದ್ದೆ. ಅವಳು ಸೀಟ್ ಬುಟ್ಟು ಇಳೀಲಿಲ್ಲ." ಅವರು ಎಲ್ಲರಿಗೂ ಕೇಳುವಂತೆ ದನಿ ಏರಿಸಿದರು. "ಮೂವತ್ತು ವರ್ಷ ಈ ಕಾರಿಗೆ ಒಂದು ಆಕ್ಸಿಡೆಂಟಿಲ್ಲ ಅಂತ ಮಾಗಡಿ ಗಂಟ ಹೆಸರು ತಗಂಡೋನು ನಾನು. ಬ್ರೇಕ್ ಸರಿ ಐತೋ ಇಲ್ವೋ ಅಂತ ಹೇಳ್ತಿದ್ದೋಳು ನನ್ ಹೆಂಡ್ತಿ. ತಿಳ್ಕಳ್ರಪ್ಪ ಎಲ್ರೂ."

ಖಲಂದರ್ ತಲೆಯ ಮೇಲಿನ ಟೋಪಿ ಸರಿಪಡಿಸಿಕೊಂಡ. ಹೆಂಗಸರ ನಡುವಿನಿಂದ ನಿಖಾತ್ ಎದ್ದಳು.

"ಯಾವ ಕಾಲಲ್ಲಿ ಒತ್ತುತ್ತಿದ್ರು ಚಿಕ್ಕಪ್ಪ?"

"ಬಲಗಾಲಲ್ಲಿ ಕಣವ್ವ."

ನಿಖಾತ್ ಜಗಲಿ ಹತ್ತಿ ಚಿಕ್ಕಲಕ್ಷ್ಮಮ್ಮನ ಬಲಪಾದವನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು.

ಪುಟ್ಟಲಿಂಗಯ್ಯ ಪಂಚೆ ಮೇಲೆತ್ತಿ ಕಟ್ಟಿ ಚಕ್ರದ ಪಕ್ಕ ಕುಕ್ಕರಿಸಿದರು. "ಕೊಡ್ಲಾ ಇಲ್ಲಿ, ಬಾಟ್ಲಿ ನಾನು ಹಿಡ್ಕತ್ತೀನಿ."

ನಾಲ್ಕೂ ಚಕ್ರ ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಬೋರಲಿಂಗಯ್ಯ ಕೇಳಿದರು, "ಹೆಂಗೈತೆ ಮಗಾ?"

ನವ್ಯಶ್ರೀ ಚಪ್ಪಲಿ ಕಳಚಿ ಕೆಳಗಿಟ್ಟು, ಬರಿಗಾಲಿನಲ್ಲಿ ತುಳಿದು, ಕಣ್ಣುಮುಚ್ಚಿ ಹಿಡಿದಳು.

"ಕಲ್ಲಿದ್ದಂಗೈತೆ ಅಪ್ಪಾಜಿ."

ತಮಟೆ ಮುಂದೆ, ಚಟ್ಟ ಹಿಂದೆ, ಅದರ ಬೆನ್ನಿಗೇ ನವ್ಯಶ್ರೀ ಓಡಿಸುತ್ತಿದ್ದ ಕಾರು. ಕೆರೆ ಏರಿಯ ಕಡಿದಾದ ಇಳಿಜಾರಿನ ನಡುವೆ, ಹೆಗಲು ಬದಲಾಯಿಸಲು ಹೊತ್ತವರು ತಟ್ಟನೆ ನಿಂತರು. ನವ್ಯಶ್ರೀಯ ಬಲಗಾಲು ಪೆಡಲಿಗಿಳಿಯಿತು. ಚಟ್ಟದಿಂದ ಒಂದು ಮೊಳ ದೂರದಲ್ಲಿ ಕಾರು ಕೂದಲೆಳೆಯಷ್ಟೂ ಜಾರದೆ ನಿಂತಿತು. ಹೊತ್ತವರಲ್ಲಿ ಯಾರೂ ಹಿಂತಿರುಗಿ ನೋಡಲಿಲ್ಲ. ಸೋಲೂರಿನ ಅಕ್ಕ ದೊಡ್ಡಲಕ್ಷ್ಮಮ್ಮ ಕಾರಿನ ಕಿಟಕಿಯಿಂದ ಕತ್ತು ಚಾಚಿ, ಹೂವಿನ ನಡುವಿನ ತಂಗಿಯ ಮುಖವನ್ನು ಸಾವಕಾಶವಾಗಿ, ಕಣ್ತುಂಬ ನೋಡಿದಳು.